ಲಗಮವ್ವನ ಮನೆಗೆ ಒಯ್ದ ಕಂಬಳಿ

ಪೂಜ್ಯ ಚನ್ನಸಿದ್ಧ ಅಜ್ಜನವರ ಮಠವೆಂದರೆ ಗೋಪುರ, ಕಳಸ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಮಟ್ಟಿಹಾಳ ಊರ ಹೊರಗೆ ಬನ್ನಿಮರದ ಬುಡದಲ್ಲಿ ಒಂದು ಚಪ್ಪರ, ಚಪ್ಪರದೊಳಗೆ ಕಂಬಳಿ ಮಗ್ಗ, ಮಗ್ಗದ ಮುಂದೆ ಅಜ್ಜನವರು. ಅಷ್ಟೇ. ಕುರಿ ಕಾಯುವ ಹಾಲುಮತದವರ ಈ ಗುರುಗಳು ಬೆಳಗಿನ ಪೂಜೆ ಮುಗಿದ ಕೂಡಲೇ ಮಗ್ಗಕ್ಕೆ ಕೂಡುತ್ತಿದ್ದರು. ದರ್ಶನಕ್ಕೆ ಬಂದವರು ಉಣ್ಣೆಯ ಧೂಳಿಗೆ ಸೀನುತ್ತಲೇ ನಮಸ್ಕಾರ ಮಾಡಬೇಕಾಗುತ್ತಿತ್ತು. ಪವಾಡ ಕೇಳಬಯಸುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ನನ್ನ ಬಳಿ ಪವಾಡವಿಲ್ಲ. ಒಂದು ಕಂಬಳಿಯ ಕಥೆ ಇದೆ. ಅದನ್ನು ನನಗೆ ಹೇಳಿದವರು ಆ ಕಂಬಳಿ ಒಯ್ದ ಅಮೋಗೆಪ್ಪನವರೇ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ.

ಎರಡನೆಯ ಮಹಾಯುದ್ಧ ಮುಗಿದ ವರ್ಷ. ಅಮೋಗೆಪ್ಪನಿಗೆ ಆಗ ಇಪ್ಪತ್ತೆರಡು. ಫೌಜಿನಿಂದ ಊರಿಗೆ ಮರಳಿ ಎರಡು ತಿಂಗಳಾಗಿತ್ತು. ಜನ ಅವನನ್ನು ಕರೆಕರೆದು ಚಹಾ ಕುಡಿಸುತ್ತಿದ್ದರು, ಬರ್ಮಾದ ಕಾಡಿನ ಸುದ್ದಿ ಕೇಳುತ್ತಿದ್ದರು. ಒಂದು ವಿಚಿತ್ರವನ್ನು ಮಾತ್ರ ಎಲ್ಲರೂ ಕಂಡಿದ್ದರು. ಯಾರ ಮನೆಗೆ ಹೋದರೂ ಅವನು ಹಾಸಿದ ಕಂಬಳಿಯನ್ನು ಸರಿಸಿ ಬರೀ ನೆಲದ ಮೇಲೆ ಕೂಡುತ್ತಿದ್ದ. "ಫೌಜಿನ ಶಿಸ್ತು" ಎಂದು ಜನ ತಲೆದೂಗಿದರು. ಶಿಸ್ತೂ ಅಲ್ಲ, ಮಣ್ಣೂ ಅಲ್ಲ. ಹಾಲುಮತದವರಲ್ಲಿ ಕಂಬಳಿಯೇ ಗದ್ದುಗೆ. ಅದರ ಮೇಲೆ ಕೂತು ಹಣೆಗೆ ಅರಿಷಿಣದ ಭಂಡಾರ ಹಚ್ಚಿಕೊಂಡವನು ಸುಳ್ಳಾಡುವ ಹಾಗಿಲ್ಲ. ಆ ಹುಡುಗನ ಹೊಟ್ಟೆಯೊಳಗೆ ಒಂದು ಸುಳ್ಳಿತ್ತು.

ಒಂದು ಬೆಳಿಗ್ಗೆ ಅವನು ಅಜ್ಜನವರ ಮುಂದೆ ಬಂದು ಫೌಜಿನ "ಸಾವಧಾನ್" ಆಜ್ಞೆ ಕೇಳಿದವನಂತೆ ನೆಟ್ಟಗೆ ನಿಂತ. ಅಜ್ಜನವರು ಪಕ್ಕದ ಕಂಬಳಿ ತೋರಿಸಿ "ಕೂಡಪ್ಪಾ" ಎಂದರು. ಅವನು ನೆಲದ ಮೇಲೆ ಕೂತ. ಅಜ್ಜನವರು ಹುಣಸೆ ಬೀಜದ ಗಂಜಿಯ ಪಾತ್ರೆಯನ್ನು ಅವನತ್ತ ಸರಿಸಿದರು. ಉಣ್ಣೆಯ ದಾರ ಗಟ್ಟಿಯಾಗಲೆಂದು ಹಚ್ಚುವ ಗಂಜಿ ಅದು. ಅವನು ಹಚ್ಚತೊಡಗಿದ. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಕೈ ಗಂಜಿಯಲ್ಲಿರುವಾಗಲೇ ಬಾಯಿ ತಾನಾಗಿ ಬಿಚ್ಚಿತು.

ಅವನೂ ಜಕ್ಕಪ್ಪನೂ ಒಟ್ಟಿಗೆ ಕುರಿ ಕಾಯುತ್ತಿದ್ದ ಗೆಳೆಯರು. ಜಕ್ಕಪ್ಪ ತಾಯಿಗೆ ಒಬ್ಬನೇ ಮಗ, ಅಂಜುಬುರುಕ. ಗುಡುಗಿದರೆ ಕುರಿಯ ನಡುವೆ ತಾನೂ ಕುರಿಯಾಗಿ ಕೂಡುವಂಥವನು. ಸಂತೆಗೆ ಫೌಜಿನ ಭರ್ತಿಯವರು ಬಂದಾಗ ಅಮೋಗೆಪ್ಪನಿಗೆ ಬೂಟಿನ ಆಸೆ, ಊರು ನೋಡುವ ಆಸೆ. ಒಬ್ಬನೇ ಹೋಗಲು ಧೈರ್ಯವಿಲ್ಲ. ಜಕ್ಕಪ್ಪನನ್ನು ಕಾಡಿದ, ಬೇಡಿದ, ಹೆಂಗಸು ಎಂದು ಅಣಕಿಸಿದ. ಕುರಿಗಳನ್ನು ಸಂತೆಯ ಅಂಚಿಗೆ ಬಿಟ್ಟು ಇಬ್ಬರೂ ಡೇರೆಯೊಳಗೆ ಹೋಗಿ ಎದೆ ಅಳೆಸಿ ಹೆಬ್ಬೆಟ್ಟು ಒತ್ತಿ ಬಂದರು. ಅಷ್ಟರಲ್ಲಿ ತೋಳ ಬಂದು ಜಕ್ಕಪ್ಪನ ಒಂದು ಮರಿಯನ್ನು ಎತ್ತಿಕೊಂಡು ಹೋಗಿತ್ತು.

ಜಕ್ಕಪ್ಪನ ತಾಯಿ ಲಗಮವ್ವನ ಬಾಯಿ ಸುತ್ತ ಏಳು ಹಳ್ಳಿಗೆ ಗೊತ್ತು. ಮಠಕ್ಕೆ ಉಣ್ಣೆ ನೂತು ಕೊಡುವ ಆಕೆ "ಇಷ್ಟು ಸಡ್ಲ ನೇಯ್ತಾರೇನ್ರಿ ಅಜ್ಜಾರ?" ಎಂದು ಗುರುಗಳನ್ನೂ ಬಿಟ್ಟವಳಲ್ಲ. ಆ ಸಂಜೆ ಮರಿ ಕಳೆದ ಮಗನಿಗೆ "ನನ್ನ ಕಣ್ಣಮುಂದ ಇರಬ್ಯಾಡ, ಎಲ್ಲಿಗರ ಹಾಳಾಗಿ ಹೋಗು" ಎಂದಳು. ಯಾವ ತಾಯಿ ಅನ್ನುವುದಿಲ್ಲ! ಮರುದಿನ ಬೆಳಿಗ್ಗೆ ಇಬ್ಬರೂ ಊರು ಬಿಟ್ಟಿದ್ದರು. ವರ್ಷ ತುಂಬುವುದರೊಳಗೆ ಜಕ್ಕಪ್ಪ ಬರ್ಮಾದಲ್ಲಿ ಜ್ವರದಿಂದ ತೀರಿಕೊಂಡ.

ಅಂದಿನಿಂದ ಲಗಮವ್ವ ಯಾರನ್ನೂ ಬೈದಿರಲಿಲ್ಲ. ಹಿತ್ತಲಿಗೆ ನುಗ್ಗಿದ ಆಡನ್ನೂ ಗದರಲಿಲ್ಲ. ತನ್ನ ನಾಲಿಗೆಯೇ ಮಗನನ್ನು ಕೊಂದಿತೆಂದು ಆಕೆ ನಂಬಿದ್ದಳು. ಅಮೋಗೆಪ್ಪ ಊರಿಗೆ ಬಂದ ದಿನವೇ ಅವನ ಕೈ ಹಿಡಿದು "ನನ್ನ ಬೈಗಳಕ್ಕ ಹ್ವಾದನಲ್ಲೋ ಯಪ್ಪಾ?" ಎಂದು ಕೇಳಿದ್ದಳು. ಅವನು ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದ. ಆಕೆ ಅದನ್ನೇ ಹೌದೆಂದು ತಿಳಿದಳು.

"ಏನರ ಶಿಕ್ಷಾ ಕೊಡ್ರಿ ಅಜ್ಜಾರ," ಎಂದ ಅಮೋಗೆಪ್ಪ. "ಉರುಳು ಸೇವಾ ಮಾಡ್ತೀನಿ, ಸಾಯೂತನಕ ಇಲ್ಲೇ ಗಂಜಿ ಹಚ್ಕೋತ ಇರ್ತೀನಿ. ನನಗ ಈ ಭಾರ ಹೊರಾಕ ಆಗವಲ್ದು."

ಅಜ್ಜನವರು ನೇಯ್ದು ಮುಗಿದ ಕಂಬಳಿಯನ್ನು ಮಗ್ಗದಿಂದ ಬಿಡಿಸಿದರು, ಜಾಡಿಸಿದರು, ನಾಲ್ಕು ಮಡಿಕೆ ಮಾಡಿ ಅವನ ಕೈಯಲ್ಲಿಟ್ಟರು.

"ಇದು ಲಗಮವ್ವಂದು. ಒಯ್ದು ಹಾಸು."

ಅವನು ಕಂಬಳಿಯನ್ನು ಹಿಂದಕ್ಕೆ ಚಾಚಿದ. ಮಠದ ಹೊಸ ಕಂಬಳಿ ಒಯ್ದವರಿಗೆ ಒಂದು ನೇಮವಿತ್ತು. ಅದನ್ನು ಹಾಸಿ, ಮನೆಯ ಹಿರಿಯರನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ಇಬ್ಬರೂ ಭಂಡಾರ ಹಚ್ಚಿಕೊಂಡು ಮಾತಾಡಿಯೇ ಏಳಬೇಕು. "ಬ್ಯಾರೆಯವರನ್ನ ಕಳಸ್ರಿ, ನಿಮ್ಮ ಪಾದಕ್ಕ ಬೀಳ್ತೀನಿ" ಎಂದು ಗೋಗರೆದ.

ಅಜ್ಜನವರು ಆ ಮೂರು ದಿನಗಳಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ನೀ ಹಗುರ ಆಗಾಕ ಬಂದೀಯೋ, ಆಕೀನ ಹಗುರ ಮಾಡಾಕ ಬಂದೀಯೋ?"

ಅಷ್ಟು ಹೇಳಿ ಹೊಸ ದಾರ ಕಟ್ಟಲು ಬಾಗಿದರು. ಗುರುಗಳ ಆ ಒಂದು ಮಾತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಪಶ್ಚಾತ್ತಾಪದ ಹೆಸರಿನಲ್ಲಿ ನಾವು ನಮ್ಮನ್ನೇ ಎಷ್ಟು ಮುದ್ದು ಮಾಡಿಕೊಳ್ಳುತ್ತೇವೆ ನೋಡಿ!

ಲಗಮವ್ವ ಜಗಲಿಯ ಮೇಲೆ ಕೂತು ನೂಲು ತೆಗೆಯುತ್ತಿದ್ದಳು. ಅಮೋಗೆಪ್ಪ ಕಂಬಳಿ ಹಾಸಿದ, ಆಕೆಯನ್ನು ಕೂರಿಸಿದ, ತಾನೂ ಕೂತ. ಭಂಡಾರ ಹಚ್ಚುವ ಅವಸರದಲ್ಲಿ ಆಕೆಯ ಮೂಗಿಗೆಲ್ಲ ಅರಿಷಿಣವಾಯಿತು.

"ಯವ್ವಾ, ನೀ ಬೈಯೂದಕ್ಕ ಮೊದಲ ಅಂವ ಹೆಬ್ಬೆಟ್ಟು ಒತ್ತಿದ್ದ. ಮರಿ ಹೋದದ್ದೂ ಅದಕ್ಕ, ಕುರಿ ಬಿಟ್ಟು ಡೇರೆದಾಗ ಇದ್ವಿ. ಅಂವ ಒಲ್ಲೆ ಅಂದಿದ್ದ. ನಾನ ಎಳಕೊಂಡು ಹ್ವಾದೆ. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದವನೂ ನಾನ."

ಆಕೆ "ನಾ ಬೈಯೂದಕ್ಕ ಮೊದಲ?" ಎಂದಳು.

"ಮೊದಲ, ಯವ್ವಾ."

"ಹಂಗಾರ ನನ್ನ ಮ್ಯಾಲ ಸಿಟ್ಟಾಗಿ ಹೋಗಲಿಲ್ಲ ನನ್ನ ಕೂಸು?"

"ಇಲ್ಲ. ಜ್ವರದಾಗ ನಿನ್ನನ್ನ ಕರೀತಿದ್ದ. ನಮ್ಮವ್ವ ಇದ್ದಿದ್ರ ಡಾಕ್ಟರಗೂ ಬೈದು ಎಬ್ಬಸ್ತಿದ್ಲು ಅಂದ."

ಲಗಮವ್ವ ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು. ಎರಡು ವರ್ಷದ ಅಳು. ಅತ್ತು ಮುಗಿದ ಮೇಲೆ ಸೆರಗು ತೆಗೆದಳು. ಆಮೇಲೆ ಬಾಯಿ ತೆಗೆದಳು.

"ಏ ಭಾಡ್ಯಾ! ಎರಡು ತಿಂಗಳಾತು ಬಂದು, ನಿನ್ನ ಬಾಯಿಗೆ ಲಕ್ವಾ ಹೊಡದಿತ್ತೇನೋ? ಹೊಟ್ಟ್ಯಾಗ ಬೆಂಕಿ ಇಟಗೊಂಡು ನಾ ಕುಂತಿದ್ರ ಊರತುಂಬ ಚಾ ಕುಡಕೋತ ತಿರಗಾಕ ಹತ್ತಿದ್ಯಲ್ಲೋ! ನಿನ್ನ ಬಾಯಾಗ ಮಣ್ಣ ಹಾಕ! ನನ್ನ ಹೂವಿನಂಥ ಮಗನ್ನ ಕರಕೊಂಡು ಹ್ವಾದೆಲ್ಲೋ!"

ಓಣಿಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದರು. "ಲಗಮವ್ವ ಬೈಯಾಕ ಹತ್ಯಾಳ!" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹಬ್ಬ ಬಂದಷ್ಟು ಖುಷಿ ಅವರಿಗೆ. ಕಂಬಳಿಯ ಮೇಲೆ ಕೂತ ಸಿಪಾಯಿ ಕಣ್ಣೀರು ಸುರಿಸುತ್ತ ಒಂದೊಂದು ಬೈಗುಳಕ್ಕೂ "ಹೌದು ಯವ್ವಾ, ಹೌದು" ಎನ್ನುತ್ತಿದ್ದ. ಬೈದು ಬೈದು ದಣಿದ ಲಗಮವ್ವ ಕೊನೆಗೆ ಗದರಿದಳು.

"ಸಾಕು ಏಳು, ಕೈ ತೊಳ್ಕೊ. ರೊಟ್ಟಿ ಆರಿ ಹೋಗತಾವ."

ಮುಂದಿನ ಹತ್ತೊಂಬತ್ತು ವರ್ಷ, ಆಕೆ ಲಿಂಗೈಕ್ಯಳಾಗುವ ತನಕ, ಅಮೋಗೆಪ್ಪನವರು ಪ್ರತಿದಿನ ಮೊದಲು ಆ ಮನೆಗೆ ಹೋಗಿ, ಆಕೆಯ ಕುರಿ ಬಿಟ್ಟುಕೊಂಡು, ಒಂದಿಷ್ಟು ಬೈಸಿಕೊಂಡೇ ಅಡವಿಗೆ ಹೋಗುತ್ತಿದ್ದರು. "ಗೆಳೆಯ ಹೋದ ದುಃಖ ಹೋತೇನ್ರಿ?" ಎಂದು ನಾನು ಕೇಳಿದೆ.

"ಅದೆಲ್ಲಿ ಹೋಗತೈತಿ," ಎಂದರು ಮುದುಕರು, ಬೊಚ್ಚುಬಾಯಿ ತುಂಬ ನಗುತ್ತ. "ಆದರ ಎಲ್ಲಾರೂ ನಾ ಯುದ್ಧ ಮುಗದ ಮ್ಯಾಲ ಊರಿಗೆ ಬಂದೆ ಅಂತಾರ. ಸುಳ್ಳದು. ಆಕಿ ಬೈದ ದಿನಾನ ನಾ ಬಂದದ್ದು."