ಅಗಸಿಯಲ್ಲಿ ಇಳಿಯದ ಮೋನವ್ವ

ಗುಡ್ಡದ ಸೋಮಯ್ಯನಿಗೆ ಮೊದಲ ಶರಣು. ಕಲ್ಲಾಗಿ ಕೂತು ಕಂಚಿನಲ್ಲಿ ಮಾತಾಡುವ ಒಡೆಯನೇ, ಹೇಳುವ ನನ್ನ ನಾಲಗೆ ಅತ್ತಿತ್ತ ವಾಲದಂತೆ ನೋಡಿಕೊ. ಮರೆತದ್ದನ್ನು ನೀನೇ ತುಂಬು, ಹೆಚ್ಚಾಡಿದರೆ ನೀನೇ ಮನ್ನಿಸು.

ಬನ್ನಿ, ಹತ್ತಿರ ಸರಿದು ಕೂತುಕೊಳ್ಳಿ. ಬಹಳ ಹಿಂದೆ, ಕಲ್ಲಗಸಿ ಅನ್ನುವ ಒಂದು ಊರಿನಲ್ಲಿ, ಕಂಚುಗಾರರ ಮೋನವ್ವ ಅಂತ ಒಬ್ಬ ಹೆಣ್ಣುಮಗಳಿದ್ದಳು. ಯಾವ ಕಾಲ ಅಂತ ಕೇಳಬೇಡಿ. ಪೆಟ್ರೋಲು ಡಬ್ಬಿಯಲ್ಲಿ ಬರುತ್ತಿದ್ದ ಕಾಲ. ಮನೆಮನೆಯಲ್ಲಿ ಚಿಮಣಿ ದೀಪ ಉರಿಯುತ್ತಿದ್ದ ಕಾಲ. ದೇಸಾಯಿ ಕೆಮ್ಮಿದರೆ ಊರು ಎದ್ದು ನಿಲ್ಲುತ್ತಿದ್ದ ಕಾಲ. ನಾನು ಅವಳನ್ನು ಕಂಡವನಲ್ಲ, ನನ್ನ ಅಜ್ಜಿ ಕಂಡವಳು. ಅಜ್ಜಿ ಹೇಳಿದ್ದನ್ನು ಹೇಳುತ್ತೇನೆ, ಊರು ಸೇರಿಸಿದ್ದನ್ನೂ ಹೇಳುತ್ತೇನೆ.

ಆ ಊರಿಗೆ ಒಂದೇ ಹೆಬ್ಬಾಗಿಲು. ಅದನ್ನೇ ಅಗಸಿ ಅನ್ನುತ್ತಿದ್ದರು. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಹಳ್ಳದ ಕೊರಕಲು. ಹೊಲಕ್ಕೆ ಹೋಗುವವರೂ ಅದರ ಕೆಳಗೇ ಹೋಗಬೇಕು, ಆಚೆಯ ಸೋಮಯ್ಯನ ಗುಡಿಗೆ ಹೋಗುವವರೂ ಅದರ ಕೆಳಗೇ ಹೋಗಬೇಕು. ಅಗಸಿಯ ಮೇಲೆ ದೇಸಾಯರ ವಾಡೆ. ವಾಡೆಯ ಕೆಳಗೆ ಯಾರೂ ಕೂತು ದಾಟುವಂತಿಲ್ಲ ಅಂತ ಕಟ್ಟಳೆ. ಗಾಡಿಯವನು ಗಾಡಿ ಇಳಿಯಬೇಕು, ಮದುಮಗ ಕುದುರೆ ಇಳಿಯಬೇಕು, ಚಪ್ಪಲಿ ಕೈಗೆ ಬರಬೇಕು. ಒಬ್ಬರು ಇನ್ನೊಬ್ಬರನ್ನು ಹೊತ್ತು ದಾಟುವಂತೆಯೂ ಇಲ್ಲ. ಹೊತ್ತುಕೊಂಡು ದಾಟುವುದು ಎರಡೇ: ದೇವರ ಪಲ್ಲಕ್ಕಿ, ದೇಸಾಯಿಯ ಮೇಣೆ.

ಮೋನವ್ವನ ತಂದೆ ಕಾಳಪ್ಪ ಗಂಟೆ ಎರೆಯುವವನು. ಸೋಮಯ್ಯನ ಗುಡಿಯ ದೊಡ್ಡ ಗಂಟೆ ಅವನ ಕೈಯದೇ. ಆಳೆತ್ತರದ ಗಂಟೆ ಅಂತಾರೆ. ಸೊಂಟದೆತ್ತರ ಅಂತ ನನ್ನ ಅಜ್ಜಿ. ಅದನ್ನು ಗಾಡಿಗೆ ಏರಿಸುವಾಗ ಹಗ್ಗ ಹರಿದು, ಗಂಟೆ ಅವನ ಎರಡೂ ಕಾಲ ಮೇಲೆ ಬಿತ್ತು. ಗಂಟೆಗೆ ಏನೂ ಆಗಲಿಲ್ಲ. ಕಾಲು ಹೋದವು. ಬೇರೆಯವರು ಅದನ್ನು ಒಯ್ದು ತೂಗುಹಾಕಿದರು. ಅಂದಿನಿಂದ ಕಾಳಪ್ಪ ಹೊರಸಿನ ಮೇಲೆ ಮಲಗಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ತನ್ನ ಗಂಟೆಯನ್ನು ದೂರದಿಂದ ಕೇಳುತ್ತಿದ್ದ.

ಕೇಳಿದಾಗಲೆಲ್ಲ ಒಂದೇ ಮಾತು. "ನಾಲಗಿ ಎಡಕ್ಕ ವಾಲೈತಿ. ಒಮ್ಮೆ ನನ್ನ ಕೈ ಮುಟ್ಟಬೇಕು, ಸರಿ ಆಕ್ಕೈತಿ."

ಪೂಜಾರಿ ನಂಬಲಿಲ್ಲ. ಮೈಲಿ ದೂರ ಮಲಗಿದವನಿಗೆ ಗಂಟೆಯ ನಾಲಗೆ ಹೇಗೆ ಕಾಣುತ್ತದೆ ಅಂತ ನಕ್ಕ.

ಮೋನವ್ವ ಒಂದು ದಿನ ತಂದೆಯನ್ನು ಬೆನ್ನ ಮೇಲೆ ಹೊತ್ತು ಅಗಸಿಗೆ ಹೋದಳು. ಕಾವಲಿಗೆ ಇದ್ದವನು ವಾಲೀಕಾರ ಭರಮಪ್ಪ. ಅವನು ಮೇಲೆ ಹೋಗಿ ದೇಸಾಯಿಯನ್ನು ಕೇಳಿ ಬಂದ. ಬಂದು ತಲೆ ತಗ್ಗಿಸಿ ಹೇಳಿದ: "ಕಾಲಿಲ್ಲಂದ್ರ ತೆವಳಿಕೋತ ಹೋಗ್ಲಿ ಅಂದಾರ."

ಆಗ ಕಾಳಪ್ಪ ಮಗಳ ಹೆಗಲು ತಟ್ಟಿ ಹೇಳಿದನಂತೆ: "ಹೊಳ್ಳು ಮಗಳ. ದೇವರ ಮುಂದ ತೆವಳ್ತೀನಿ. ಬಾಗಲ ಮುಂದ ತೆವಳಂಗಿಲ್ಲ."

ಅವರು ತಿರುಗಿ ಬಂದರು. ಆಮೇಲೆ ಒಂಬತ್ತು ವರ್ಷ ಕಾಳಪ್ಪ ಮನೆಯ ಹೊಸ್ತಿಲು ದಾಟಲಿಲ್ಲ.

ಈಗ ಫಟಫಟಿಯ ಮಾತು. ಈ ದೇಸಾಯಿಯ ತಂದೆ, ದೊಡ್ಡ ದೇಸಾಯಿ, ಪರದೇಶದಿಂದ ಒಂದು ಫಟಫಟಿ, ಅಂದರೆ ಈಗಿನವರ ಮೋಟರ್‌ಸೈಕಲ್ಲು, ತರಿಸಿದ್ದ. ಅದರ ಮಗ್ಗುಲಿಗೆ ತೊಟ್ಟಿಲಿನಂಥ ಒಂದು ಗಾಡಿ. ಫಟಫಟಿಯನ್ನು ದೊಡ್ಡ ದೇಸಾಯಿ ಓಡಿಸುತ್ತಿದ್ದ, ತೊಟ್ಟಿಲಿನಲ್ಲಿ ಅವನ ಬೇಟೆನಾಯಿ ಕೂರುತ್ತಿತ್ತು. ಅಗಸಿಯಲ್ಲಿ ಊರಿನವರು ಇಳಿದು ನಡೆದರು, ನಾಯಿ ಕೂತೇ ದಾಟಿತು. ಅದರ ಸಪ್ಪಳ ಕೇಳಿದರೆ ಸಾಕು, ಭರಮಪ್ಪ ಎದ್ದು, ಅಡ್ಡಗೋಲು ಎತ್ತಿ, ಸಲಾಮು ಹೊಡೆದು ನಿಲ್ಲುತ್ತಿದ್ದ. ದೊಡ್ಡ ದೇಸಾಯಿ ತೀರಿಕೊಂಡ, ನಾಯಿಯೂ ಸತ್ತಿತು. ಫಟಫಟಿ ವಾಡೆಯ ಹಿಂದಿನ ತಿಪ್ಪೆಗೆ ಬಿತ್ತು. ಇಪ್ಪತ್ತು ವರ್ಷ ಬಿಸಿಲು ತಿಂದಿತು, ಮಳೆ ಕುಡಿಯಿತು. ತೊಟ್ಟಿಲಿನಲ್ಲಿ ಕೋಳಿ ಮರಿ ಮಾಡಿದವು.

ಕಂಚುಗಾರರು ಒಡಕು ಪಾತ್ರೆ, ಮುರುಕು ಲೋಹ ಎತ್ತಿಕೊಂಡು ಹೋಗುವುದು ರೂಢಿ. ಒಂದು ದಿನ ವಾಡೆಯ ಕಾರಕೂನನು ಮೋನವ್ವನನ್ನು ಕರೆದು, ಹಿತ್ತಿಲಲ್ಲಿ ಬಿದ್ದಿದ್ದೆಲ್ಲ ಬಳಿದುಕೊಂಡು ಹೋಗು ಅಂದ. ಅವಳು ಬಳಿದುಕೊಂಡು ಹೋದಳು. ಆದರೆ ಆ ಫಟಫಟಿಯನ್ನು ಕುಲುಮೆಗೆ ಹಾಕಲಿಲ್ಲ. ಪಡಸಾಲೆಯಲ್ಲಿ, ತಂದೆಯ ಹೊರಸಿನ ಎದುರಿಗೆ ನಿಲ್ಲಿಸಿದಳು. ತಂದೆ ಅದನ್ನು ನೋಡಿದ, ಮಗಳನ್ನು ನೋಡಿದ.

ಮರುದಿನದಿಂದ ಮನೆಯೇ ಫಟಫಟಿಯಾಯಿತು. ಅವಳು ಅದನ್ನು ಬಿಚ್ಚಿದಳು. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಮೊರಗಳಲ್ಲಿ ಸಾಲಾಗಿ ಇಟ್ಟಳು. ತುಕ್ಕು ಹಿಡಿದ ತಿರುಪುಗಳಿಗೆ ಕುಸುಬಿ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ, ವಾರಗಟ್ಟಲೆ ಕಾದಳು. ಸಡಿಲಾಗದ ತಿರುಪಿಗೆ ಬಲ ಹಾಕಲಿಲ್ಲ; ಇನ್ನೊಂದು ವಾರ ಕಾದಳು. ಹಿತ್ತಾಳೆಗೆ ಹಾಕುವ ಹುಣಸೆಹಣ್ಣು, ಬೂದಿ ಹಾಕಿ ಒಂದೊಂದನ್ನೂ ತಿಕ್ಕಿದಳು. ಪೆಟ್ರೋಲು ತುಂಬುವ ತೊಟ್ಟಿಯೊಳಗೆ ಸಣ್ಣ ಕಲ್ಲು, ಹುಣಸೆ ನೀರು ಹಾಕಿ, ಎರಡು ಕೈಯಲ್ಲಿ ಹಿಡಿದು, ಮಗುವನ್ನು ತೂಗಿದ ಹಾಗೆ ಮೂರು ದಿನ ತೂಗಿದಳು. ಕಿಡಿ ಕೊಡುವ ಪೆಟ್ಟಿಗೆಯನ್ನು ಬಿಚ್ಚಿದರೆ, ಒಳಗಿನ ತಂತಿ ಅರಗಿನ ಹೊದಿಕೆಯಲ್ಲಿ ಮೊನ್ನೆ ಸುತ್ತಿದ ಹಾಗೆ ಇತ್ತು. ಇಪ್ಪತ್ತು ವರ್ಷ ಅದನ್ನು ಇಲಿ ಮುಟ್ಟಿರಲಿಲ್ಲ. ಯಾರು ಕಾದರು ಅಂತ ನಾನು ಹೇಳಬೇಕಾಗಿಲ್ಲ.

ಗಾಲಿಯ ರಬ್ಬರು ಪುಡಿಯಾಗಿತ್ತು. ಸಮಗಾರರ ಹನುಮ ಎಮ್ಮೆ ತೊಗಲು ಹೊಲಿದು, ಒಳಗೆ ನಾರು ಬಿಗಿದು ಕೊಟ್ಟ. ಎಂಜಿನ್ನಿಗೆ ಹರಳೆಣ್ಣೆ ಹಾಕಿದಳು.

ನೆರೆಯ ಹೆಂಗಸರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಏನ್ ಮೋನವ್ವಾ, ಕೂಸಿಗೆ ಎಣ್ಣಿ ಕುಡಿಸಿದಿ?"

"ಕುಡಿಸೀನಿ," ಅನ್ನುತ್ತಿದ್ದಳು ಅವಳು. "ಹಲ್ಲಿನ ಚಕ್ರ ಕೂಡ್ಸೀನಿ. ಬಾಯಾಗ ಬೆರಳ ಇಡಬ್ಯಾಡ."

ಇಷ್ಟೆಲ್ಲ ಆದರೂ ಒಂದು ಚೂರು ಕಳೆದೇ ಹೋಗಿತ್ತು. ಏರಿ ಇಳಿಯುವ ಪಿಸ್ಟನ್ನಿಗೂ ಅದನ್ನು ಹಿಡಿದ ತೋಳಿಗೂ ನಡುವೆ ಕೂರುವ ಸಣ್ಣ ಬಳೆ, ಹೆಬ್ಬೆರಳಿನಷ್ಟು. ಅವಳು ಮೇಣದಲ್ಲಿ ಅಚ್ಚು ಮಾಡಿ, ಮಣ್ಣು ಮೆತ್ತಿ, ತನಗೆ ಗೊತ್ತಿದ್ದ ಕಂಚನ್ನೇ ಎರೆದಳು. ಗಂಟೆಯ ಕಂಚು. ಬಳೆ ನೆಲಕ್ಕೆ ತಾಗಿದರೆ ಗೆಜ್ಜೆಯ ಹಾಗೆ ಉಲಿಯಿತು. ಫಟಫಟಿ ಮೊದಲ ಸಲ ಉಸಿರಾಡಿತು. ಒಂದು ತಾಸು ಓಡಿತು. ಬಳೆ ನಾಲ್ಕು ಚೂರಾಯಿತು.

ಅವಳು ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ, ಹೊರಸಿನಿಂದ ತಂದೆ ನಕ್ಕ. ವರ್ಷಗಳ ಮೇಲೆ ಮೊದಲ ಸಲ ನಕ್ಕ ಅಂತಾರೆ. "ಹಾಡೋ ಕಂಚು ಎರದಿ, ಹುಚ್ಚಿ. ಅದಕ್ಕ ಹಾಡು ಬ್ಯಾಡ, ತಾಳಿಕಿ ಬೇಕು. ತವರ ಕಡಿಮಿ ಮಾಡು, ತಾಮ್ರ ಹೆಚ್ಚ ಹಾಕು."

ಮನೆಯಲ್ಲಿ ತಾಮ್ರ ಅಂತ ಇದ್ದದ್ದು ಅವನ ಪೂಜೆಯ ಚೊಂಬು ಒಂದೇ. ಅದನ್ನು ಅವನೇ ಕೈ ಚಾಚಿ ಕೊಟ್ಟ. ಪೂಜೆಯ ಪಾತ್ರೆ ಕರಗಿಸಬಹುದೇ ಅಂತ ಕೆಲವರು ಈಗಲೂ ಕೇಳುತ್ತಾರೆ. ಸೋಮಯ್ಯನ ಕಡೆಗೆ ಹೋಗಲೆಂದು ಕರಗಿದ ತಾಮ್ರ ಅದು. ಅದಕ್ಕಿಂತ ದೊಡ್ಡ ಪೂಜೆ ನಾನು ಕಂಡಿಲ್ಲ.

ಎರಡನೆಯ ಬಳೆ ಒಡೆಯಲಿಲ್ಲ. ಆದರೂ ಮೋನವ್ವ ಹೊರಡಲಿಲ್ಲ. ಗಂಟೆ ಎರೆಯುವವರ ಮನೆಯಲ್ಲಿ, ದನಿ ಸರಿಯಾಗದೆ ಯಾವುದೂ ಮುಗಿಯುವುದಿಲ್ಲ. ದೊಡ್ಡ ದೇಸಾಯಿಯ ಫಟಫಟಿಯ ಸಪ್ಪಳ ತಂದೆಗೂ ನೆನಪಿತ್ತು, ಮಗಳಿಗೂ ನೆನಪಿತ್ತು: ಮೂರು ಗುದ್ದು, ಒಂದು ಉಸಿರು. ಇದು ಎರಡೇ ಗುದ್ದುತ್ತಿತ್ತು. ತಂದೆ ಕಣ್ಣು ಮುಚ್ಚಿ ಕೇಳಿ "ಇನ್ನಾ ಅವಸರ ಮಾಡಾಕತ್ತೈತಿ" ಅನ್ನುವುದು, ಮಗಳು ಕೂದಲೆಳೆಯಷ್ಟು ತಿರುಪು ತಿರುಗಿಸುವುದು. ಹೀಗೆ ಒಂದು ತಿಂಗಳು. ಪಟ್ಟಣದಿಂದ ತಲೆಯ ಮೇಲೆ ಹೊತ್ತು ತಂದ ಪೆಟ್ರೋಲು ಡಬ್ಬಿಯಲ್ಲಿ ಅರ್ಧ ಇದಕ್ಕೇ ತೀರಿತು. ಕೊನೆಗೆ ಒಂದು ಮಧ್ಯಾಹ್ನ ತಂದೆ ಕಣ್ಣು ತೆರೆದು, "ನಡಿ" ಅಂದ.

ಹೊತ್ತು ಇಳಿಯುವ ಮುಂಚೆ ಅವಳು ತಂದೆಯನ್ನು ತೊಟ್ಟಿಲಿನಲ್ಲಿ ಕೂರಿಸಿ ಹೊರಟಳು. ಊರ ನಾಯಿಗಳು ಓಡಿದವು, ಊರು ಬಾಗಿಲಿಗೆ ಬಂತು. ಅಗಸಿಯಲ್ಲಿ ಭರಮಪ್ಪ ಗೋಡೆಗೆ ಒರಗಿ ತೂಕಡಿಸುತ್ತಿದ್ದ. ಮೂರು ಗುದ್ದು, ಒಂದು ಉಸಿರು. ಮುದುಕ ಕಣ್ಣು ಬಿಡುವ ಮೊದಲೇ ಎದ್ದ. ಅಡ್ಡಗೋಲು ಎತ್ತಿದ. ಸಲಾಮು ಹೊಡೆದು ನಿಂತ. ಆಮೇಲೆ ನೋಡಿದ. ದೊಡ್ಡ ದೇಸಾಯಿಯ ಜಾಗದಲ್ಲಿ ಕಂಚುಗಾರರ ಹೆಣ್ಣುಮಗಳು, ನಾಯಿಯ ಜಾಗದಲ್ಲಿ ಕಾಳಪ್ಪ. ಭರಮಪ್ಪನ ಕೈ ಹಣೆಯ ಮೇಲೇ ಉಳಿಯಿತು ಅಂತಾರೆ.

ಆದರೆ ಮೇಲೆ ದೇಸಾಯಿಗೂ ಆ ಸಪ್ಪಳ ಕೇಳಿತ್ತು. ಸತ್ತ ತಂದೆ ಬಂದನೆಂದು ಬರಿಗಾಲಲ್ಲಿ ಓಡಿ ಬಂದು, ಕೆಳಗೆ ಬಾಗಿ ನೋಡಿ, ಕೂಗಿದ. ಅಡ್ಡಗೋಲು ಮತ್ತೆ ಇಳಿಯಿತು. ಫಟಫಟಿ ಅಗಸಿಯ ನಟ್ಟನಡುವೆ ನಿಂತಿತು, ಎಂಜಿನ್ನು ಓಡುತ್ತಲೇ ಇತ್ತು.

"ಇಳೀ," ಅಂದ ದೇಸಾಯಿ.

"ಇಳಿಯಂಗಿಲ್ರಿ," ಅಂದಳು ಮೋನವ್ವ.

"ಯಂತ್ರ ನಮ್ಮದು."

"ತಿಪ್ಪಿಗೆ ಒಗದಾಗ ಯಾರದಿತ್ರಿ?" ಅಂದಳು. ಆಮೇಲೆ ದನಿ ಏರಿಸದೆ ಹೇಳಿದಳು: "ಇದೇ ಜಾಗಾದಾಗ ನಿಮ್ಮ ಅಪ್ಪನ ನಾಯಿ ಕುಂತು ದಾಟೇತ್ರಿ. ನನ್ನ ಅಪ್ಪ ಅದಕ್ಕಿಂತ ಕಡಿಮಿ ಅಂತ ಊರ ಮುಂದ ಹೇಳ್ರಿ. ಹೇಳಿದ್ರ ಇಳೀತೀನಿ."

ದೇಸಾಯಿ ಕುರ್ಚಿ ತರಿಸಿ ಮೇಲೆ ಕೂತ. ಪೆಟ್ರೋಲು ಎಷ್ಟು ಹೊತ್ತು ಬರುತ್ತದೆ ಅಂತ ಅವನಿಗೂ ಗೊತ್ತಿತ್ತು. ಎಂಜಿನ್ನು ನಿಂತರೆ ತಳ್ಳಬೇಕು, ತಳ್ಳಬೇಕಾದರೆ ಇಳಿಯಬೇಕು. ಅವನು ಕಾದ. ಅವಳೂ ಕೂತಳು. ಮೂರು ದಿನ ಕೂತಳು ಅಂತಾರೆ ಕೆಲವರು. ದೀಪ ಹಚ್ಚುವ ಹೊತ್ತಿನವರೆಗೆ ಅಂತ ನನ್ನ ಅಜ್ಜಿ. ಅಗಸಿಯಲ್ಲಿ ಯಾವಾಗಲೂ ಗಾಳಿ ಹಾಯುತ್ತದೆ, ಆ ಗಾಳಿಯೇ ಎಂಜಿನ್ನಿಗೆ ಬೀಸಣಿಗೆಯಾಯಿತು. ತೊಟ್ಟಿಲಿನಲ್ಲಿ ಕಾಳಪ್ಪ ಒಂದೇ ಕೆಲಸ ಮಾಡುತ್ತಿದ್ದ: ಪೆಟ್ರೋಲು ತೊಟ್ಟಿಯ ಮೇಲೆ ಕೈಯಿಟ್ಟು, ಒಳಗೆ ಎಷ್ಟು ಉಳಿದಿದೆ ಅಂತ ಬೆರಳಲ್ಲಿ ತಟ್ಟಿ ಕೇಳುವುದು. ತಟ್ಟಿದಾಗ ಟೊಳ್ಳು ದನಿ ಬಂತು.

ಆಗ ಗುಂಪಿನಿಂದ ಒಬ್ಬ ಹೆಂಗಸು ಹೊರಬಂದಳು. ಅವಳೇ ನನ್ನ ಅಜ್ಜಿ. ಎಂಜಿನ್ನು ಏನು ಕುಡಿಯುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಉರಿಯುವುದಕ್ಕೆ ಎಣ್ಣೆ ಬೇಕು ಅಂತ ಗೊತ್ತಿತ್ತು. ಮನೆಗೆ ಹೋಗಿ, ಸಂಜೆಗೆ ಹಚ್ಚಬೇಕಿದ್ದ ಚಿಮಣಿ ತಂದು, ಬತ್ತಿ ಕಿತ್ತು, ಎಣ್ಣೆಯನ್ನು ತೊಟ್ಟಿಗೆ ಸುರಿದಳು. ಫಟಫಟಿ ಕೆಮ್ಮಿತು. ಕಪ್ಪು ಹೊಗೆ ಉಗುಳಿತು. ನಿಲ್ಲಲಿಲ್ಲ. ಕಾದ ಎಂಜಿನ್ನು ಚಿಮಣಿ ಎಣ್ಣೆಯಲ್ಲೂ ಓಡುತ್ತದೆ ಅಂತ ಈಗಿನ ಮೆಕ್ಯಾನಿಕ್ಕರು ಹೇಳುತ್ತಾರೆ. ಹೇಳಲಿ. ಅಲ್ಲಿಯವರೆಗೆ ಅದನ್ನು ಕಾಯಿಸಿದ್ದು ಯಾರು ಅಂತ ನಾನು ಕೇಳುತ್ತೇನೆ.

ಅಜ್ಜಿಯ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬಳು. ಕೂಸಿಗೆ ಎಣ್ಣಿ ಕುಡಿಸಿದಿಯಾ ಅಂತ ನಕ್ಕವರೇ ಈಗ ಎಣ್ಣೆ ಹಿಡಿದು ಸಾಲು ನಿಂತರು.

"ಯಾರ್ ಯಾರ್ ಹಾಕಾಕತ್ತೀರಿ ಅಂತ ನೋಡಾಕತ್ತೀನಿ," ಅಂದ ದೇಸಾಯಿ ಮೇಲಿನಿಂದ.

"ನೋಡ್ರಿ ಯಪ್ಪಾ," ಅಂದಳು ನನ್ನ ಅಜ್ಜಿ. "ಇವತ್ತ ದೀಪ ಇಲ್ಲದ ಮನೀ ಎಲ್ಲಾ ನಮ್ಮವ."

ಹೊತ್ತು ಮುಳುಗಿತು. ಊರಿನ ಒಂದು ಕಿಟಕಿಯಲ್ಲೂ ಬೆಳಕಿರಲಿಲ್ಲ. ತರುವವರು ಮುಗಿದರು, ಎಣ್ಣೆಯೂ ಮುಗಿಯುತ್ತ ಬಂತು. ಕಾಳಪ್ಪ ತಟ್ಟಿದ, ಮತ್ತೆ ಟೊಳ್ಳು. ಉಳಿದದ್ದು ಎರಡೇ ದೀಪ: ಮೇಲೆ ವಾಡೆಯದು, ಕೆಳಗೆ ಅಗಸಿಯ ಕಂದೀಲು. ಕಂದೀಲು ಭರಮಪ್ಪನ ತಲೆಯ ಮೇಲೆ ತೂಗುತ್ತಿತ್ತು. ಒಂಬತ್ತು ವರ್ಷದ ಹಿಂದೆ ತೆವಳು ಅನ್ನುವ ಮಾತನ್ನು ಹೊತ್ತು ತಂದ ಬಾಯಿ ಅವನದೇ. ಅವನು ಕಂದೀಲು ಇಳಿಸಿದ. ಉಫ್ ಅಂತ ಊದಿ ಆರಿಸಿದ. ತಳದ ಎಣ್ಣೆಯನ್ನೆಲ್ಲ ತೊಟ್ಟಿಗೆ ಸುರಿದ. ಆಮೇಲೆ ಅಡ್ಡಗೋಲನ್ನು ಎತ್ತಿ, ಗೂಟದಿಂದ ಕಳಚಿ, ಹಳ್ಳದ ಕೊರಕಲಿಗೆ ಎಸೆದ. ಅದು ಬಿದ್ದ ಸಪ್ಪಳ ಬಹಳ ಹೊತ್ತಿನ ಮೇಲೆ ಕೇಳಿತು ಅಂತಾರೆ.

ಎಸೆದು, ಕಾಳಪ್ಪನ ಕಡೆ ತಿರುಗಿ, ಈ ಸಲ ಕಣ್ಣು ತೆರೆದುಕೊಂಡೇ ಸಲಾಮು ಹೊಡೆದ.

ದೇಸಾಯಿ ಎದ್ದು ಒಳಗೆ ಹೋದ. ಅತ್ತ ಅಂತ ಕೆಲವರು, ಬೈದ ಅಂತ ಕೆಲವರು. ಒಳಗೆ ಹೋದವನ ಮಾತು ನಮಗೆ ಬೇಡ.

ಮೋನವ್ವ ಹೊರಟಳು. ಕತ್ತಲಾದ ಊರು ಅಗಸಿಯಲ್ಲೇ ನಿಂತು ಸಪ್ಪಳ ದೂರವಾಗುವುದನ್ನು ಕೇಳಿತು. ಮೂರು ಗುದ್ದು, ಒಂದು ಉಸಿರು. ಆಮೇಲೆ ಅದೂ ಇಲ್ಲ. ಎಣ್ಣೆ ತೀರಿತೇನೋ, ದಾರಿಯಲ್ಲೇ ನಿಂತರೇನೋ, ಯಾರಿಗೂ ಗೊತ್ತಾಗಲಿಲ್ಲ. ಒಬ್ಬರೂ ಮನೆಗೆ ಹೋಗಲಿಲ್ಲ.

ಆಗ ಗಂಟೆ ಮೊಳಗಿತು.

ಇಷ್ಟು ವರ್ಷ ಕೇಳಿದ ಗಂಟೆ ಅದಾಗಿರಲಿಲ್ಲ. ಅದರಲ್ಲಿ ಒಂದು ಒಡಕು ದನಿ ಇತ್ತು ಅನ್ನುವುದು ಅದು ಹೋದ ಮೇಲೆ ಊರಿಗೆ ತಿಳಿಯಿತು. ತುಂಬಿದ ದನಿ, ನೆಟ್ಟಗೆ ಬಂದು ಎದೆಗೆ ತಾಗಿತು. ಯಾರೂ ಓಡಿ ಬಂದು ಸುದ್ದಿ ಹೇಳಬೇಕಾಗಲಿಲ್ಲ. ಕಾಳಪ್ಪನ ಕೈ ನಾಲಗೆಯನ್ನು ಮುಟ್ಟಿತ್ತು.

ಫಟಫಟಿ ಈಗ ಇಲ್ಲ. ಗುಡಿಯ ಕಂಬದ ಬುಡದಲ್ಲಿ ಹೂತಿದೆ ಅಂತಾರೆ. ಅಪ್ಪ ಮಗಳನ್ನು ಹೊತ್ತು ಗುಡ್ಡದಾಚೆ ಹೋಗಿಬಿಟ್ಟಿತು ಅಂತಲೂ ಅಂತಾರೆ. ವಾಡೆ ಬಿದ್ದಿದೆ, ಅಗಸಿ ನಿಂತಿದೆ. ಕಲ್ಲಗಸಿಗೆ ಕರೆಂಟು ಬಂದು ಎಷ್ಟೋ ಕಾಲವಾಯಿತು. ಆದರೂ ವರ್ಷಕ್ಕೊಮ್ಮೆ, ಆ ದಿನದ ಸಂಜೆ, ಸೋಮಯ್ಯನ ಗಂಟೆ ಬಾರಿಸುವವರೆಗೆ ಯಾರೂ ಗುಂಡಿ ಒತ್ತುವುದಿಲ್ಲ. ಮನೆಗೊಬ್ಬರು ಒಂದೊಂದು ಸೌಟು ಎಣ್ಣೆ ಹಿಡಿದು ಅಗಸಿಗೆ ಬರುತ್ತಾರೆ, ಅಲ್ಲಿನ ಕಲ್ಲು ಬಟ್ಟಲಿಗೆ ಸುರಿಯುತ್ತಾರೆ. ನಡೆಯಲಾಗದ ಮುದುಕರನ್ನು, ಕಾಲಿಲ್ಲದವರನ್ನು, ಬಸುರಿಯರನ್ನು ಮೋಟರ್‌ಸೈಕಲ್ಲುಗಳ ಮೇಲೆ ಕೂರಿಸಿ ಮೊದಲು ದಾಟಿಸುತ್ತಾರೆ. ಎಂಜಿನ್ನು ಆರಿಸುವುದಿಲ್ಲ. ಯಾರೂ ಇಳಿಯುವುದಿಲ್ಲ. ಆಚೆಯಿಂದ ಗಂಟೆ ಕೇಳಿದ ಮೇಲೆ ಕಲ್ಲು ಬಟ್ಟಲಿನ ದೀಪ ಹಚ್ಚುತ್ತಾರೆ, ಆಮೇಲೆ ಮನೆಯ ದೀಪ.

ಇಲ್ಲಿಗೆ ನನ್ನ ಮಾತು ಇಳಿಸುತ್ತೇನೆ. ಕೂತು ಕೇಳಿದ ತಾಯಂದಿರೇ, ಅಣ್ಣಂದಿರೇ, ಮಕ್ಕಳೇ, ನಿಮ್ಮ ದೀಪದ ಎಣ್ಣೆ ತೀರದಿರಲಿ, ತೀರಿದರೆ ತಂದು ಸುರಿಯುವ ನೆರೆಯವರಿರಲಿ. ಯಾವ ಬಾಗಿಲ ಕೆಳಗೂ ನಿಮ್ಮನ್ನು ತೆವಳಿಸದೆ, ನೀವು ಹೋಗಬೇಕಾದಲ್ಲಿಗೆ ಸೋಮಯ್ಯ ನಿಮ್ಮನ್ನು ಕೂರಿಸಿಯೇ ಕರೆದೊಯ್ಯಲಿ.