ಚಿಕ್ಕೋಬನೂ ನಾಯಿಸಾಸಿವೆಯೂ

ಹುರುಳಿಕಟ್ಟೆಯಲ್ಲಿ ಮರಿಯಕ್ಕ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಚಿಕ್ಕೋಬ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಅದೊಂದು ಬಿಟ್ಟರೆ ಮರಿಯಕ್ಕ ಯಾರಿಗೂ ತಲೆ ತಗ್ಗಿಸಿದವಳಲ್ಲ. ಸುತ್ತಲ ಹಳ್ಳಿಯವರು ಬಿತ್ತನೆ ಸಾಸಿವೆಗೆ ಅವಳ ಮನೆಗೇ ಬರುತ್ತಿದ್ದರು. "ಮರಿಯಕ್ಕನ ಮಡಕೆಯಲ್ಲಿ ಒಂದು ಕಾಳು ನಾಯಿಸಾಸಿವೆ ಸಿಕ್ಕಲ್ಲ" ಅನ್ನುವ ಮಾತೇ ಅವಳ ಆಸ್ತಿ.

ಆ ವರ್ಷ ಅವಳ ಕಾಲು ಉಳುಕಿತು. ರಾಗಿ ಹೊಲದ ಸಾಸಿವೆ ಸಾಲಿನಲ್ಲಿ ನಾಯಿಸಾಸಿವೆ ಕಳೆ ಎದ್ದಿತು. ಅದೂ ಹಳದಿ, ಇದೂ ಹಳದಿ. ಅದಕ್ಕೂ ನಾಲ್ಕು ಎಸಳು, ಇದಕ್ಕೂ ನಾಲ್ಕು ಎಸಳು.

"ಹೋಗಿ ಕಳೆ ಕಿತ್ತು ಬಾ ಮಗ."

"ಯಾವುದು ಕಳೆ ಅಂತ ಹೆಂಗೆ ಗೊತ್ತಾಗುತ್ತವ್ವ?"

"ಮುಟ್ಟಿ ನೋಡು. ಕೈಗೆ ಅಂಟಿದ್ದು ನಾಯಿಸಾಸಿವೆ. ಅದನ್ನು ಕೀಳು."

ದಾರಿಗೆ ಕೊಟ್ಟ ಬೆಲ್ಲ ತಿಂದು, ಬೆರಳು ನೆಕ್ಕಿಕೊಂಡು ಚಿಕ್ಕೋಬ ಹೊಲಕ್ಕಿಳಿದ. ಮುಟ್ಟಿದ, ಅಂಟಿತು, ಕಿತ್ತ. ಮುಟ್ಟಿದ, ಅಂಟಿತು, ಕಿತ್ತ. ಸಂಜೆಗೆ ಒಂದು ಹೊರೆ ಒಳ್ಳೆಯ ಸಾಸಿವೆ ಗಿಡ ತಂದು ಅಂಗಳದಲ್ಲಿ ಇಳಿಸಿದ. ಬೀದಿಯವರೆಲ್ಲ ನಿಂತು ನೋಡಿದರು. ಮರಿಯಕ್ಕ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ನಿನ್ನ ಕೈಯೇ ಅಂಟು ಕಣೋ. ಕೈ ನಂಬಬೇಡ, ಮೂಗು ನಂಬು. ನಾತ ಹೊಡೆದದ್ದನ್ನು ತಿಪ್ಪೆಗೆ ಎಸೆ."

"ಆಗಲಿ ಕಣವ್ವ."

ಮರುದಿನ ಮರಿಯಕ್ಕನ ಕಾಲು ನೋಡಿಕೊಂಡು ಹೋಗಲು ಅವಳ ಅಣ್ಣ ಬಂದ. ಕುರಿ ಕಾಯುವವನು. ಕಂಬಳಿಯನ್ನು ಜಗುಲಿಯ ಮೇಲಿಟ್ಟು ಒಳಗೆ ಉಣ್ಣಲು ಕೂತ. ಚಿಕ್ಕೋಬ ಕಂಬಳಿ ಮೂಸಿದ. ಅನುಮಾನ ಉಳಿಯಬಾರದು ನೋಡಿ, ಮೂರು ಸಲ ಮೂಸಿದ. ಆಮೇಲೆ ತಿಪ್ಪೆಗೆ ಎಸೆದ.

ಅಣ್ಣ ಕಂಬಳಿ ಹೆಕ್ಕಿ ಕೊಡವಿಕೊಂಡು, "ನಿನ್ನ ಮಗ ಸೋದರಮಾವನ ಬೆಲೆ ಕಟ್ಟಿದ ಕಣಮ್ಮ" ಅಂದು ಹೊರಟುಹೋದ. ಮರಿಯಕ್ಕ ನೆಲ ನೋಡುತ್ತಾ ನಿಂತಳು.

"ಮೂಗೂ ಬೇಡ ಕಣೋ, ಎಣಿಸು. ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಕಂಡುಕೊಂಡದ್ದು. ಸಾಸಿವೆ ಹೂವಿನೊಳಗೆ ಆರು ಎಳೆ, ನಾಲ್ಕು ಉದ್ದ ಎರಡು ಗಿಡ್ಡ. ಆರಕ್ಕಿಂತ ಹೆಚ್ಚಿದ್ದರೆ ಕಳೆ. ಆಚೆ ಹಾಕು."

ಚಿಕ್ಕೋಬ ಹೊಸ್ತಿಲ ಮೇಲೆ ಕೂತು ಆರು, ಆರು ಅಂತ ಬಾಯಿಪಾಠ ಮಾಡಿದ. ಅಷ್ಟರಲ್ಲಿ ಕೋಡಿಪಾಳ್ಯದ ತಿಪ್ಪಕ್ಕ ಮುಂದಿನ ಬಿತ್ತನೆಗೆ ಬೀಜ ಹೇಳಿಡಲು ಏಳು ಹೆಂಗಸರೊಡನೆ ಬಂದಳು. ಅವನು ಎಣಿಸಿದ. ಬಾಗಿಲಿಗೆ ಅಡ್ಡ ನಿಂತ.

"ಆಚೆ ನಡೀರಿ. ನೀವು ಕಳೆ."

"ಯಾರೋ ಕಳೆ?"

"ನೀವೇ ಕಣತ್ತೆ. ಎಂಟಿದ್ದೀರಿ."

ತಿಪ್ಪಕ್ಕ ಬೀದಿಯಲ್ಲಿ ನಿಂತೇ ಹೇಳಿದಳು: "ಮರಿಯಕ್ಕ, ಇವನು ಕಳೆ ತೆಗೆದ ಹೊಲದ ಬೀಜದಲ್ಲಿ ಏನೇನಿರುತ್ತೋ. ಸುಗ್ಗಿ ಆಗಲಿ. ಹತ್ತು ಜನರ ಮುಂದೆ ಪರೀಕ್ಷೆ ಮಾಡೇ ತಗೊಳ್ಳೋದು."

ಆ ಮಾತು ಮರಿಯಕ್ಕನಿಗೆ ನಾಟಿತು. ಕುಂಟುತ್ತಾ ಹೊಲಕ್ಕೆ ಹೋಗಿ, ಉಳಿದ ಸಾಲುಗಳ ಕಳೆಯನ್ನು ತಾನೇ ಕಿತ್ತಳು. ಸುಗ್ಗಿಗೆ ಒಂದೇ ಒಂದು ಮಡಕೆ ಬೀಜವಾಯಿತು. ಚಿಕ್ಕೋಬನೂ ನಾಚಿ ಬೀದಿಗೆ ಇಳಿಯುವುದನ್ನೇ ಬಿಟ್ಟಿದ್ದ.

"ಹೋದ ಮರ್ಯಾದೆ ನಾನೇ ತರ್ತೀನವ್ವ. ಕಾಳಿನ ಪರೀಕ್ಷೆ ಹೆಂಗೆ?"

"ಕಾದ ಎಣ್ಣೆಗೆ ಬಿದ್ದರೆ ಸಾಸಿವೆ ಸಿಡಿಯುತ್ತೆ. ನಾಯಿಸಾಸಿವೆ ಸುಮ್ಮನೆ ಸೀಯುತ್ತೆ. ನಮ್ಮ ಮಡಕೆಯಲ್ಲಿ ಒಂದೇ ಒಂದು ಕಾಳು ಬೇರೆ ಇದ್ದರೂ ನಾನು ತಲೆ ಎತ್ತೋ ಹಾಗಿಲ್ಲ ಕಣೋ" ಅಂದವಳೇ ತಿಪ್ಪಕ್ಕನನ್ನು ಕರೆಯಲು ಹೋದಳು.

ಮಧ್ಯಾಹ್ನಕ್ಕೆ ಎಂಟು ಹೆಂಗಸರೂ ಬಂದರು, ಬೀಜ ತುಂಬಿಕೊಳ್ಳಲು ಮೊರಕ್ಕೆ ಅರಿಶಿನ ಕುಂಕುಮ ಹಚ್ಚಿಕೊಂಡು. ಬೀದಿಯ ತುದಿಗೇ ಘಾಟು ಬಡಿಯಿತು.

"ಯಾರ ಮನೇಲಪ್ಪ ಈ ಪಾಟಿ ಒಗ್ಗರಣೆ?" ಅಂದಳು ತಿಪ್ಪಕ್ಕ ಕೆಮ್ಮುತ್ತಾ.

ಮರಿಯಕ್ಕ ಉಳುಕಿದ ಕಾಲನ್ನೂ ಮರೆತು ಓಡಿದಳು. ಒಲೆಯ ಮೇಲೆ ಮದುವೆ ಮನೆಯ ಕೊಪ್ಪರಿಗೆ. ಪಕ್ಕದಲ್ಲಿ ಬೋರಲು ಬಿದ್ದ ಮಡಕೆ. ಚಿಕ್ಕೋಬನ ಮೊಣಕೈವರೆಗೂ ಬೊಬ್ಬೆ. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿತ್ತು.

"ತಲೆ ಎತ್ತವ್ವ. ಒಂದು ಕಾಳೂ ಬಿಡದೆ ನೋಡಿದೆ. ಎಲ್ಲಾ ಸಿಡಿದವು."