ಬೀಗರಾದವರು ಮತ್ತು ಅಡಾಪ್ಟರು

ಕಂಪ್ಯೂಟರಿನದು ಚೌಕ ಬಾಯಿ, ಪ್ರಿಂಟರಿನದು ದುಂಡು ಮೂತಿ. ಬೇರೆ ಬೇರೆ ಕಂಪನಿಯ ಈ ಹಗೆಗಳ ನಡುವೆ ನಿಂತು ಮಾತು ದಾಟಿಸುತ್ತಿದ್ದದ್ದು ಪುಟ್ಟ ಅಡಾಪ್ಟರು. ಒಂದು ದಿನ ಎರಡೂ ಕಂಪನಿಗಳು ಕೈಜೋಡಿಸಿದವು.

"ಇನ್ನು ನಾವು ಬೀಗರು. ಬಾಯಿ, ಮೂತಿ ಎರಡಕ್ಕೂ ಒಂದೇ ಆಕಾರ. ನಿನ್ನ ಹಂಗು ನಮಗೆ ಬೇಡ, ಹೊರಡು" ಎಂದಿತು ಕಂಪ್ಯೂಟರು.

ಅಡಾಪ್ಟರಿನ ಕಣ್ಣ ಮುಂದೆ ಕಸದ ಬುಟ್ಟಿ ಬಂತು. ಆದರೂ ಹೊಸ್ತಿಲಲ್ಲಿ ನಿಂತು ಕೇಳಿತು: "ಹೊಸ ಆಕಾರ ಯಾವುದು, ಸ್ವಾಮಿ?"

"ಆರು ಮೂಲೆಯದು. ಆ ಮೂರನೇ ಕಂಪನಿಯ ಸ್ಕ್ಯಾನರು ನಮ್ಮೊಳಗೆ ಮೂತಿ ತೂರಿಸಬಾರದಲ್ಲ, ಅದಕ್ಕೆ!" ಎಂದಿತು ಪ್ರಿಂಟರು.

ಅಡಾಪ್ಟರಿಗೆ ಹೋದ ಜೀವ ಬಂದಂತಾಯಿತು. "ನಿಮ್ಮ ಬೀಗತನ ನೂರ್ಕಾಲ ಬಾಳಲಿ!" ಎಂದು ಮನಸಾರೆ ಹರಸಿ, ಮೂತಿಗೆ ಆರು ಮೂಲೆ ಉಜ್ಜಿಸಿಕೊಂಡು, ನೇರ ಹೋಗಿ ಸ್ಕ್ಯಾನರಿನ ಮನೆಯ ಬಾಗಿಲು ತಟ್ಟಿತು.